ಗೂಳಿಬಂಡೆಯ ಹಗ್ಗ

ಬಂಡೆಯ ಬುಡದಲ್ಲಿ ದೀಪಕ್ ಬೂಟು ಬಿಚ್ಚಿ ಪಕ್ಕಕ್ಕಿಟ್ಟಿದ್ದನ್ನು ನೋಡಿ ಗಾನವಿಗೆ ಮೈಯೆಲ್ಲ ಉರಿದುಹೋಯಿತು. ತಾನು ಕಟ್ಟಿದ ಸುಳ್ಳಿಗೆ ತಾನೇ ಹೆದರಿದ್ದಾನಲ್ಲ, ಎಂಥ ಭಂಡ!

ಹೆಡತಲೆ ಊರಿನ ಆಚೆಗಿನ ಗೂಳಿಬಂಡೆಯನ್ನು ಚಪ್ಪಲಿ ಮೆಟ್ಟಿ ಯಾರೂ ಹತ್ತುವುದಿಲ್ಲ. ಜನಕ್ಕೆ ಅದು ಸಾಕ್ಷಾತ್ ಬಸವಣ್ಣ. ಕಾರ್ತಿಕ ಸೋಮವಾರ ಹಿಂಬದಿಯ ಮೆಟ್ಟಿಲಿನಿಂದ ಹೋಗಿ ಅದರ ನೆತ್ತಿಯಲ್ಲಿ ದೀಪ ಹಚ್ಚುವ ಹಕ್ಕು ಗಾನವಿಯ ಅಪ್ಪ ಚಿಕ್ಕಬಸಪ್ಪನ ಮನೆಯದು. ಆಗಿತ್ತು ಅನ್ನಬೇಕು. ಹೋದ ವರ್ಷ ಅವಳ ಅಣ್ಣ ಬಸವೇಶ ಬಂಡೆಯ ಕಡಿದಾದ ಮುಂಬದಿಯನ್ನು ಹಗ್ಗ ಕಟ್ಟಿಕೊಂಡು ಹತ್ತುವಾಗ ಬಿದ್ದು ಸತ್ತ. ನೆತ್ತಿಯ ಕೊಂಡಿಗೆ ಹಾಯಿಸಿದ ಹಗ್ಗದ ಇನ್ನೊಂದು ತುದಿಯನ್ನು ಕೆಳಗೆ ಹಿಡಿದಿದ್ದವನು ಇದೇ ದೀಪಕ್; ಮೈಸೂರಿನಿಂದ ವಾರವಾರ ಜನರನ್ನು ಬೆಟ್ಟ ಹತ್ತಿಸಲು ಕರೆತರುವವನು. "ಬೇಡ ಅಂದ್ರೂ ಬೂಟು ಹಾಕ್ಕೊಂಡೇ ಹತ್ತಿದ, ಗಂಟೂ ಸರಿಯಾಗಿ ಹಾಕಿರಲಿಲ್ಲ" ಎಂದು ಊರ ಮುಂದೆ ಕಣ್ಣೀರಿಟ್ಟ. ಹೆಣದ ಕಾಲಲ್ಲಿ ಬೂಟು ಇದ್ದದ್ದೂ ನಿಜ.

ಆದರೆ ಹೆಣ ತೊಳೆಯುವಾಗ ಬೂಟು ಕಿತ್ತರೆ ಅಂಗಾಲಿಗೆಲ್ಲ ಬಂಡೆಯ ಪಾಚಿ ಮೆತ್ತಿತ್ತು. ಬೂಟಿನೊಳಗೆ ಪಾಚಿ ಎಲ್ಲಿಂದ ಬರಬೇಕು? ಅವ್ವ ಚನ್ನಬಸಮ್ಮ ಬಾಯಿ ಬಡಿದುಕೊಂಡು ಹೇಳಿದಳು. ಹೆಂಗಸರ ಸಂಕಟದ ಮಾತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಸವಣ್ಣ ಮುನಿದ ಮನೆ ಎಂದು ಊರ ಯಜಮಾನ ನಾಗಯ್ಯ ದೀಪದ ಹಕ್ಕನ್ನು ಬೇರೆ ಮನೆಗೆ ಕೊಟ್ಟ. ಅಂದಿನಿಂದ ಚಿಕ್ಕಬಸಪ್ಪ ಬೀದಿಯಲ್ಲಿ ತಲೆ ಎತ್ತಿ ನಡೆದಿಲ್ಲ.

ಗಾನವಿ ಹಲ್ಲು ಕಚ್ಚಿಕೊಂಡು ಮೈಸೂರಿಗೆ ಹೋಗಿ ಬಂಡೆ ಹತ್ತುವವರ ಹಗ್ಗ ಹಿಡಿಯುವ ಕೆಲಸ ಕಲಿತಳು. ಆಮೇಲೆ ದೀಪಕ್‌ಗೆ ಫೋನ್ ಮಾಡಿ, ಅಣ್ಣ ಹತ್ತಿದ ದಾರಿ ತೋರಿಸಿ ಅಂದಳು. ಅವನು ಅದನ್ನು ಕ್ಷಮೆ ಅಂದುಕೊಂಡು ಕುಣಿಯುತ್ತ ಬಂದ. ದಿನ ಗೊತ್ತುಮಾಡಿದವಳು ಅವಳೇ, ಕಾರ್ತಿಕ ಸೋಮವಾರ.

ಹಗ್ಗದ ತುದಿಯನ್ನು ಅವಳ ಕೈಗೆ ಕೊಟ್ಟು ದೀಪಕ್ ಬರಿಗಾಲಲ್ಲಿ ಹತ್ತಿದ. ನೆತ್ತಿಯ ಕೆಳಗೆ ಬಂಡೆ ಹೊರಕ್ಕೆ ಚಾಚಿದೆ. ಅಲ್ಲಿ ಕೈ ಸೋತು, "ಹಿಡ್ಕೊಳ್ಳಿ" ಎಂದು ಕೂಗಿದ. ಹಿಡಿದಳು. ಗಾಳಿಯಲ್ಲಿ ತೂಗಾಡುತ್ತ, "ಇಳಿಸಿ" ಅಂದ. ಇಳಿಸಲಿಲ್ಲ. ಅಷ್ಟರಲ್ಲಿ ಎಣ್ಣೆ, ಬತ್ತಿ ಹಿಡಿದು ಊರವರು ಬಂದರು. ಅವಳ ಮಾತಿಗೆ ಕಟ್ಟುಬಿದ್ದು ಬಂದಿದ್ದ ಅಪ್ಪ ಎಲ್ಲರ ಹಿಂದೆ ನಿಂತಿದ್ದ.

"ಏನವ್ವಾ ಇದು? ಇಳಿಸವ್ವಾ ಅವನ್ನ" ಅಂದ ನಾಗಯ್ಯ.

"ತಡೀರಿ ಯಜಮಾನ್ರೇ. ನಮ್ಮವ್ವ ಏಳ್ದಾಗ ನೀವು ಕೇಳ್ಲಿಲ್ಲ. ಈಗ ಇವನು ಏಳ್ತಾನೆ, ಕೇಳಿ." ಮೇಲೆ ನೋಡಿದಳು. "ನಮ್ಮಣ್ಣನ ಕಾಲ್ಗೆ ಬೂಟು ಯಾವಾಗ ತೊಡಿಸ್ದೆ?"

"ತಮಾಷೆ ಮಾಡ್ಬೇಡಿ ಗಾನವಿ..."

ಹಗ್ಗವನ್ನು ಒಂದು ಮಾರು ಜಾರಿಸಿ ಗಪ್ಪನೆ ಹಿಡಿದಳು. ಅಂಗೈ ಸುಟ್ಟಿತು. ಅವನು ಚೀರಿದ ಚೀರಾಟಕ್ಕೆ ಅವಳ ಎದೆ ತಣ್ಣಗಾಯಿತು. ಸುಳ್ಳೇಕೆ, ಹಿತವೆನಿಸಿತು.

"ಸತ್ತ ಮೇಲೆ! ಸತ್ತ ಮೇಲೆ ತೊಡಿಸ್ದೆ!" ಅವನು ಗೋಳಾಡಿದ. "ಬರಿಗಾಲಲ್ಲೇ ಹತ್ತಿದ್ದ. ಗಂಟೂ ಸರಿಯಾಗೇ ಇತ್ತು. ನಾನು ಫೋನಲ್ಲಿ ವಿಡಿಯೋ ಮಾಡ್ತಾ ಹಗ್ಗ ಬಿಟ್ಟಿದ್ದೆ..."

ನಾಗಯ್ಯ ಎಣ್ಣೆಯ ಗಿಂಡಿಯನ್ನು ಚಿಕ್ಕಬಸಪ್ಪನತ್ತ ನೀಡಿದ. ಚಿಕ್ಕಬಸಪ್ಪ ಅದನ್ನು ಮುಟ್ಟಲಿಲ್ಲ. ಇರುವೆಯನ್ನೂ ತುಳಿಯದ ಮನುಷ್ಯ ಮಗಳ ಪಕ್ಕಕ್ಕೆ ಬಂದು ನಿಂತ.

"ಅಗ್ಗಾವ ಬುಟ್ಬುಡವ್ವಾ" ಅಂದ. "ಬಿದ್ದು ಸಾಯ್ಲಿ."

ವರ್ಷವಿಡೀ ಅವಳು ಕನಸಿದ್ದೂ ಅದನ್ನೇ. ಬೆರಳು ಸಡಿಲಿಸಿದರೆ ಮುಗಿಯಿತು. ಗಾನವಿ ಅಪ್ಪನ ಮುಖ ನೋಡಿದಳು, ಮೇಲೆ ಒದ್ದಾಡುವ ಬರಿಗಾಲುಗಳನ್ನು ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಬಿಗಿಹಿಡಿದು ಅವನನ್ನು ನಿಧಾನವಾಗಿ ಇಳಿಸಿದಳು.

ಅವನು ನೆಲಕ್ಕೆ ಕುಸಿದು ಕೈಮುಗಿದ. ಬೊಬ್ಬೆ ಎದ್ದ ಅಂಗೈಯನ್ನು ಅವನ ಮುಖಕ್ಕೆ ಹಿಡಿದಳು.

"ಇಷ್ಟೇ ಕಣೋ. ಇಡ್ಕೊಂಡು ನಿಂತಿರದು. ನಮ್ಮಣ್ಣ ನಿನ್ನ ಕೇಳಿದ್ದು ಇಷ್ಟೇಯ."