ಎರಡು ಒರಳು, ಒಂದು ಬಂಡೆ

ತಾಯಲೂರಿನ ನನ್ನ ಸೋದರಮಾವಂದಿರು ಮನೆ ಭಾಗ ಮಾಡಿಕೊಂಡಾಗ ಒಬ್ಬೊಬ್ಬರಿಗೆ ಒಂದೊಂದು ಒರಳುಕಲ್ಲು ಬಂತು. ಅಂದಿನಿಂದ ಅತ್ತೆಯರಿಬ್ಬರಿಗೂ ಎಣ್ಣೆ ಸೀಗೆಕಾಯಿ. ಮದುವೆಯ ಅರಿಶಿನ ಕುಟ್ಟಬೇಕಾದದ್ದು ಮನೆಯ ಹಿರಿಯ ಒರಳಲ್ಲಿ. ಹಿರಿಯದು ನನ್ನದೇ ಎಂದು ಇಬ್ಬರೂ ಹಟ ಹಿಡಿದಿದ್ದರು.

ಈಗ ಚಿಕ್ಕತ್ತೆ ಶಾಮಲಮ್ಮನ ಮಗಳು ಗಂಗಾಳ ಮದುವೆ. ಅವಳನ್ನು ಎತ್ತಿ ಆಡಿಸಿ ಸಾಕಿದವರು ದೊಡ್ಡತ್ತೆ ಬಚ್ಚಮ್ಮ. ತನ್ನ ಒರಳಲ್ಲಿ ಕುಟ್ಟದಿದ್ದರೆ ಮದುವೆಗೇ ಬರುವುದಿಲ್ಲ ಎಂದು ಅವರು ಕೂತಿದ್ದರು. ದೊಡ್ಡಮ್ಮ ಬರದೆ ಧಾರೆಗೆ ಕೂರುವುದಿಲ್ಲ ಎಂದು ಗಂಗಾ.

"ಏನೇ ಸರಳಾ, ಕಲ್ಲಿನ ವಯಸ್ಸು ಹೇಳೋ ಕೆಲಸ ಅಂತೀಯಲ್ಲ. ಯಾವ್ದು ಹಳೇದು ಹೇಳ್ಬಿಡು," ಎಂದು ನನಗೆ ಹೇಳಿದರು ಶಾಮಲಮ್ಮ.

ಕಲ್ಲಿನೊಳಗೆ ಜಿರ್ಕಾನ್ ಎಂಬ ಸಣ್ಣ ಹರಳುಗಳಿವೆ, ಅವುಗಳಲ್ಲಿರುವ ಯುರೇನಿಯಂ ಒಂದೇ ಲೆಕ್ಕದಲ್ಲಿ ನಿಧಾನವಾಗಿ ಸೀಸವಾಗುತ್ತದೆ, ಎಷ್ಟು ಸೀಸವಾಗಿದೆ ಎಂದು ಅಳೆದರೆ ಕಲ್ಲು ಹುಟ್ಟಿದ ಕಾಲ ಸಿಗುತ್ತದೆ ಎಂದು ವಿವರಿಸಿದೆ. ಒರಳು ಕಡೆದ ಕಾಲ ಮಾತ್ರ ಸಿಗುವುದಿಲ್ಲ ಎಂದೂ ಹೇಳಿದೆ. ಯಾರು ಕೇಳಬೇಕು? ಇಬ್ಬರೂ ತಾವೇ ಚೂರು ಒಡೆದು ಕೊಟ್ಟರು. ನಾನು ಊರ ಹಿಂದಿನ ಬಂಡೆಯದ್ದನ್ನೂ ಒಂದು ಚೂರು ಸೇರಿಸಿ ಪ್ರಯೋಗಾಲಯಕ್ಕೆ ಒಯ್ದೆ.

ಫಲಿತಾಂಶ ಬಂದಾಗ ಇಬ್ಬರನ್ನೂ ಕೂರಿಸಿ ಹೇಳಿದೆ. ಎರಡೂ ಒರಳಿಗೆ ಇನ್ನೂರೈವತ್ತು ಕೋಟಿ ವರ್ಷ. ಬಂಡೆಗೂ ಅಷ್ಟೇ. ಎರಡನ್ನೂ ಅದರಿಂದಲೇ ಕಡೆದಿರಬೇಕು.

"ಹಂಗಾದ್ರೆ ಇವಳದ್ದು ನಮ್ಮ ಬಂಡೆಯಿಂದ ಕದ್ದದ್ದು," ಎಂದರು ಶಾಮಲಮ್ಮ.

"ಎಷ್ಟು ಸೀರೆ ಕೊಡಿಸಿದ್ಲೇ ನಿಂಗೆ?" ಎಂದು ಬಚ್ಚಮ್ಮ ನನ್ನನ್ನೇ ಕೇಳಿದರು. ನಾನು ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಗಂಗಾ ಮಾತ್ರ ಎದ್ದು ಅರಿಶಿನದ ಕೊಂಬುಗಳ ಮೊರ ಎತ್ತಿಕೊಂಡು ಬಂಡೆಯ ಕಡೆಗೆ ನಡೆದಳು. ಹಿಂದಿನವರು ಕಾಳು ಕುಟ್ಟುತ್ತಿದ್ದ ಕುಳಿಯೊಂದು ಅಲ್ಲಿದೆ.

"ಇದೇ ಎರಡಕ್ಕೂ ತಾಯಿ. ಇಲ್ಲೇ ಕುಟ್ತೀನಿ. ಬರೋರು ಬರ್ಲಿ," ಎಂದಳು.

ಇಬ್ಬರೂ ಒನಕೆ ಹಿಡಿದು ಬಂದರು. ಪ್ರೀತಿಯಿಂದಲ್ಲ, ಇನ್ನೊಬ್ಬಳು ತಾನೊಬ್ಬಳೇ ಕುಟ್ಟಿ ನಾಳೆ ಹಿರಿತನ ಸಾರಿಯಾಳೆಂಬ ಭಯದಿಂದ. ಒಂದೇ ಕುಳಿ, ಎರಡು ಒನಕೆ. ಒಬ್ಬರದು ಏಳುವಾಗ ಇನ್ನೊಬ್ಬರದು ಇಳಿಯಬೇಕು, ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಬಾಯಲ್ಲಿ ಒಬ್ಬರನ್ನೊಬ್ಬರು ಶಪಿಸುತ್ತಲೇ ಇದ್ದರು, ಕೈ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಮೊರ ಹಿಡಿದಿದ್ದ ಗಂಗಾ ಅಳುತ್ತಿದ್ದಳು. ನಾನು ಇಬ್ಬರ ಒನಕೆಯ ಮೇಲೇ ಕಣ್ಣಿಟ್ಟು ನಿಂತಿದ್ದೆ.