ಇನ್ನೂ ಒಣಗಿಲ್ಲ

ಸೋಮವಾರ ಬೆಳಿಗ್ಗೆ ನಾನು ಎರಡು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ಒದ್ದೆ ಬೆಡ್‌ಶೀಟಿನ ತುದಿಯನ್ನು ಹಗ್ಗಕ್ಕೆ ಏರಿಸುತ್ತಿದ್ದೆ. ಓಣಿಯ ಆ ಕೊನೆಯಿಂದ ಲಾರಿಯ ಹಾರ್ನ್ ಕೇಳಿಸಿತು.

ಯಾರ್ಕ್‌ಷೈರಿನ ನಮ್ಮ ಥಾರ್ನ್‌ಕ್ಲಫ್‌ನಲ್ಲಿ ಸೋಮವಾರ ಮನೆಗಳ ಹಿಂದಿನ ಓಣಿಗೆ ಯಾರೂ ಗಾಡಿ ತರುವುದಿಲ್ಲ. ಕಲ್ಲಿದ್ದಲಿನವನು ಬುಧವಾರ ಬರುತ್ತಾನೆ, ಹಾಲಿನವನು ಬೆಳಕು ಹರಿಯುವ ಮೊದಲೇ ಬಂದು ಹೋಗಿರುತ್ತಾನೆ. ಆವತ್ತು ಎಲ್ಲ ಮನೆಯಲ್ಲೂ ಬಟ್ಟೆ ಒಗೆತ, ಓಣಿ ಬಟ್ಟೆಗಳ ಪಾಲು. ಈ ಗೋಡೆಯ ಕೊಕ್ಕೆಯಿಂದ ಎದುರು ಗೋಡೆಯ ಕೊಕ್ಕೆಗೆ ಹಗ್ಗ ಕಟ್ಟಿ, ನಡುವೆ ಕವೆಗೋಲು ಕೊಟ್ಟು ಎತ್ತಿ ನಿಲ್ಲಿಸುತ್ತೇವೆ. ಯಾರ ಮನೆಯ ಚಡ್ಡಿಗೆ ಎಷ್ಟು ತೇಪೆ ಎಂದು ಎಲ್ಲರಿಗೂ ಗೊತ್ತು. ನೋಡಿದವರ ಹಾಗೆ ಮಾತ್ರ ಯಾರೂ ಇರುವುದಿಲ್ಲ.

ಲಾರಿಯವನು ಇಳಿದು ಟೋಪಿ ತೆಗೆದು ತಲೆ ಕೆರೆದುಕೊಂಡ. ನಮ್ಮ ಪಕ್ಕದ ಮನೆಯ ಮಿಸೆಸ್ ಟ್ರೆವಿನ್ ಅವರ ಸಾಮಾನು ತುಂಬಿಕೊಂಡು ಹೋಗಬೇಕಂತೆ, ಕಾರ್ನ್‌ವಾಲ್‌ಗೆ. ಮುಂಬಾಗಿಲಿಗೆ ಹೋಗಿ ಎನ್ನುವಂತಿಲ್ಲ. ನಮ್ಮ ಮನೆಗಳ ಸಾಲು ಗುಡ್ಡದ ಇಳಿಜಾರಿಗೆ ಅಂಟಿಕೊಂಡಿದೆ, ಮುಂದೆ ಇರುವುದು ಬರೀ ಕಲ್ಲಿನ ಮೆಟ್ಟಿಲು. ಅಲ್ಲಿ ಕುರಿ ಇಳಿಯಬಹುದು, ಬೀರು ಇಳಿಯಲಾರದು.

ಅವರು ಹೋಗುತ್ತಾರೆಂದು ಗೊತ್ತಿತ್ತು. ಇವತ್ತೇ ಎಂದು ಗೊತ್ತಿರಲಿಲ್ಲ. ನಾನು ತಿರುಗಿ ನಮ್ಮ ಮಾವನನ್ನು ನೋಡಿದೆ. ಅವರು ಹಿತ್ತಿಲ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಗಾಳಿ ಚೆನ್ನಾಗಿದೆ" ಎಂದರು. ಲೋಟ ಅಲ್ಲೇ ಗೋಡೆಯ ಮೇಲಿಟ್ಟು ತರಕಾರಿ ಪಾತಿಯ ಕಡೆಗೆ ಹೊರಟುಹೋದರು. ಟೀ ಅರ್ಧ ಉಳಿದಿತ್ತು. ನಮ್ಮ ಮಾವ ಹೆಡ್ಲಿ ಬ್ಯಾರಕ್ಲಫ್ ಟೀ ಉಳಿಸಿ ಹೋದದ್ದನ್ನು ಮದುವೆಯಾಗಿ ಬಂದ ಮೇಲೆ ನಾನು ಕಂಡೇ ಇರಲಿಲ್ಲ.

ಮೊರ್ವೆನಾ ಟ್ರೆವಿನ್ ಪಕ್ಕದ ಮನೆಗೆ ಬಂದದ್ದು ಕಾಯಿಲೆಯ ಅಕ್ಕನನ್ನು ನೋಡಿಕೊಳ್ಳಲು. ಅಕ್ಕ ತೀರಿಕೊಂಡ ಮೇಲೂ ಉಳಿದರು. ಅವರೂ ವಿಧವೆ, ನಮ್ಮ ಅತ್ತೆಯೂ ಆಗಲೇ ಹೋಗಿದ್ದರು. ಮೊದಮೊದಲು ಇಡೀ ಓಣಿಗೆ ಅವರನ್ನು ಕಂಡರೆ ಒಂಥರಾ ಗಾಬರಿ. ಕಾರ್ನ್‌ವಾಲ್ ಕಡೆಯವರು ಬಸ್ ಕಂಡಕ್ಟರನನ್ನೂ ಚಿನ್ನ, ಬಂಗಾರ ಎಂದೇ ಮಾತನಾಡಿಸುತ್ತಾರೆ. ನಮ್ಮ ಅಂಚೆಯವನು ಮೊದಲ ದಿನ ಚಿನ್ನ ಅನ್ನಿಸಿಕೊಂಡು ಪಕ್ಕದ ಮನೆಗೆ ಕಾಗದ ಕೊಡುವುದನ್ನೇ ಮರೆತು ಹೋದ. ಇಲ್ಲಿನ ಗಂಡಸರು ಹೆಂಡತಿಯನ್ನೇ ಹೆಸರು ಹಿಡಿದು ಕರೆಯುವುದು ಹಬ್ಬಕ್ಕೊಮ್ಮೆ.

ಗುಡ್ಡದ ಆ ಮಗ್ಗುಲಿನ ಲ್ಯಾಂಕಾಷೈರ್‌ನಿಂದ ಬಂದವಳು ನಾನು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಇವತ್ತಿಗೂ ಪಶ್ಚಿಮದಿಂದ ಮೋಡ ಬಂದರೆ "ನಿಮ್ಮೋರು ಕಳಿಸಿದಾರೆ ನೋಡು" ಎಂದು ಮಾವ ನನ್ನ ಕಡೆ ನೋಡುತ್ತಾರೆ. ಅರ್ಧ ಗಂಟೆಯ ದೂರಕ್ಕೇ ಹೀಗೆ. ದೇಶದ ಕೊನೆಯ ತುದಿಯಿಂದ ಬಂದವರ ಪಾಡು ಏನಾಗಿರಬೇಡ.

ಮಾವ ಮತ್ತು ಮೊರ್ವೆನಾ ಇಬ್ಬರ ಮಾತು ಶುರುವಾದದ್ದು ಹಿತ್ತಿಲ ಗೋಡೆಯ ಮೇಲೆ, ಹವೆಯ ಬಗ್ಗೆ. ಅಲ್ಲಿಂದ ಮುಂದಕ್ಕೂ ಹೋಗಲಿಲ್ಲ, ನಿಲ್ಲಲೂ ಇಲ್ಲ. ನಮ್ಮೂರ ಮಳೆ ಮಗುವಿನ ಕೆನ್ನೆ ಸವರಿದ ಹಾಗೆ ಬರುತ್ತೆ, ನಿಮ್ಮದು ಜಗಳಕ್ಕೆ ಬರುತ್ತೆ ಎಂದು ಮೊರ್ವೆನಾ ರೇಗಿಸುವರು. ಅಲ್ಲಿ ಜನವರಿಯಲ್ಲೇ ಹೂವು ಬಿಡುತ್ತದಂತೆ. ಜನವರಿಯಲ್ಲೇ ಎಲ್ಲ ಅರಳಿಬಿಟ್ಟರೆ ಏಪ್ರಿಲ್‌ನಲ್ಲಿ ಏನು ಮಾಡ್ತೀರಿ, ಸುಮ್ಮನೆ ಕೂತಿರ್ತೀರಾ ಎಂದು ಮಾವ ಕೇಳುವರು. ಹೀಗೇ ಒಂದು ಗಂಟೆ. ನಮ್ಮ ಮಾವ ಒಂದು ಗಂಟೆ ಮಾತನಾಡುವುದೆಂದರೆ ಬೇರೆಯವರು ಊರಿಗೆಲ್ಲ ಊಟ ಹಾಕಿಸಿದ ಹಾಗೆ.

ಮೊರ್ವೆನಾ ಕೇಸರಿ ಹಾಕಿದ ಬನ್ನು ಮಾಡಿ ಕೊಡುವರು. ಮೊದಲ ಸಲ ಮಾವ ಅದನ್ನು ಚೀಸ್ ಜೊತೆ ತಿಂದು, "ಇದಕ್ಕಿಂತ ಕೆಟ್ಟದ್ದು ತಿಂದಿದೀನಿ" ಎಂದಾಗ ಆಕೆಯ ಮುಖ ಸಣ್ಣಗಾಯಿತು. ನಾನು ಸಂಜೆ ಗುಟ್ಟಾಗಿ ಹೋಗಿ, ಯಾರ್ಕ್‌ಷೈರ್ ಗಂಡಸಿನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ನನ್ನ ಮದುವೆಯ ದಿನ ನನ್ನನ್ನು ನೋಡಿ ಅವರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ ಎಂದು ಸಮಾಧಾನ ಮಾಡಿ ಬಂದೆ. ಮಾರನೆಯ ದಿನ ಅವರ ಹೊಸ್ತಿಲ ಮೇಲೆ ಪೇಪರಿನಲ್ಲಿ ಸುತ್ತಿದ, ಮಾವನ ಪಾತಿಯ ಹುಳಿ ರೂಬಾರ್ಬ್ ದಂಟು ಇತ್ತು. ಇಟ್ಟವರು ಬಾಗಿಲು ತಟ್ಟಿರಲಿಲ್ಲ.

ಆಮೇಲೆ ಆಕೆಯ ಅಣ್ಣನ ಮಗಳು ಕಾರ್ನ್‌ವಾಲ್‌ಗೇ ಬಂದಿರಲು ಕರೆದಳು. ಕರೆ ಬಂದದ್ದನ್ನು ಮೊರ್ವೆನಾ ಗೋಡೆಯ ಮೇಲಿಂದ ಮಾವನಿಗೆ ಹೇಳಿದರು. ಹೇಳಿ ಕಾದರು. ಮಾವ ಬಹಳ ಹೊತ್ತು ಗುಡ್ಡ ನೋಡಿ, "ಅಲ್ಲಿ ನಿಮ್ಮ ಮಂಡಿಗೆ ಒಳ್ಳೇದು. ಚಳಿ ಕಡಿಮೆ" ಎಂದರು. ತನಗೆ ಸಾಯುವಷ್ಟು ಬೇಕಾದದ್ದನ್ನು ಬಿಟ್ಟುಕೊಡುವಾಗ ಇಲ್ಲಿನವರು ಹೀಗೆಯೇ ಮಾತಾಡುತ್ತಾರೆ. ಆದರೆ ಆಕೆ ಕೇಳಿಸಿಕೊಂಡದ್ದು ಹೋಗಿ ಎಂದು ಮಾತ್ರ. ನನ್ನ ಅಡುಗೆಮನೆಯಲ್ಲಿ ಕೂತು ಅದನ್ನು ಹೇಳಿ, ಸರಿ ಬಿಡು ಚಿನ್ನ ಎಂದು ಎದ್ದುಹೋದರು. ಈ ಸಲ ನಾನು ಸಮಾಧಾನ ಹೇಳಲಿಲ್ಲ. ಬನ್ನಿನ ವಿಷಯಕ್ಕೆ ಮಧ್ಯೆ ಬರಬಹುದು, ಇಂಥದ್ದಕ್ಕೆ ಬರಬಾರದು ಎಂಬುದು ಇಲ್ಲಿನ ನಡವಳಿಕೆ. ಮಾವ ತಾವೇ ಹೇಳಬೇಕು. ಮಾವ ಹೇಳುವವರಲ್ಲ.

ಈಸ್ಟರ್ ರಜೆಗೆ ಮನೆಯಲ್ಲಿದ್ದ ನನ್ನ ಮಗಳು ಬೆರಿಲ್ ಕ್ಲಿಪ್ಪಿನ ಬುಟ್ಟಿ ಹಿಡಿದು ನನ್ನ ಬಾಲದಂತೆ ಹಿಂದೆಯೇ ಇದ್ದಳು. ಅವಳಿಗೆ ಆರು ವರ್ಷ. ಲಾರಿ ನೋಡಿದ್ದೇ ನನ್ನ ಕಿವಿಗೆ ಬಾಯಿಟ್ಟು ಏನೋ ಕೇಳಿದಳು. ಅದನ್ನೆಲ್ಲ ಕೇಳಬಾರದು ಕಣೇ, ದೊಡ್ಡವರ ವಿಷಯ ಎಂದೆ. ಯಾಕೆ ಕೇಳಬಾರದು ಎಂದಳು. ನಾನು ಬೇಗ ಇನ್ನೆರಡು ಕ್ಲಿಪ್ಪು ತೆಗೆದು ಬಾಯಲ್ಲಿ ಕಚ್ಚಿಕೊಂಡೆ.

ಅಷ್ಟರಲ್ಲಿ ಮೊರ್ವೆನಾ ಹೊರಗೆ ಬಂದು ನಾಚಿ ಕೆಂಪಾದರು. ಅಣ್ಣನ ಮಗಳು ದಿನ ಗೊತ್ತುಮಾಡಿಬಿಟ್ಟಿದ್ದಾಳೆ, ಅವಳಿಗೆ ಇಲ್ಲಿನ ಸೋಮವಾರದ ಸಂಗತಿ ಹೇಗೆ ತಿಳಿಯಬೇಕು ಎಂದು ಬಾಗಿಲು ಬಾಗಿಲಿಗೂ ಹೋಗಿ ಕ್ಷಮೆ ಕೇಳಿದರು. ಓಣಿಯ ಕೊನೆಮನೆಯ ಎಲ್ಸಿ ಗ್ರೀನ್‌ವುಡ್ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. ಸೋಮವಾರದ ಮಟ್ಟಿಗೆ ನಮ್ಮ ಓಣಿಗೆ ಅವಳೇ ರಾಣಿ.

"ನೋಡಪ್ಪ," ಎಂದಳು ಲಾರಿಯವನಿಗೆ, "ಬಟ್ಟೆ ಒಣಗಲಿ. ಒಣಗಿದ ಮೇಲೆ ಹಗ್ಗ ಇಳಿಸ್ತೀವಿ. ಅಲ್ಲೀವರೆಗೂ ಟೀ ಕುಡಿ."

ಅವನು ಬರ್ಮಿಂಗ್‌ಹ್ಯಾಮ್ ಕಡೆಯವನು. ಉತ್ತರದವರು ಅವನನ್ನು ದಕ್ಷಿಣದವನು ಅನ್ನುತ್ತಾರಂತೆ, ದಕ್ಷಿಣದವರು ಉತ್ತರದವನು ಅನ್ನುತ್ತಾರಂತೆ. ಎಲ್ಲಿ ಹೋದರೂ ಪರಸ್ಥಳದವನಾಗಿ ಅಭ್ಯಾಸವಾದವನು, ಪಾಪ. ತಕರಾರಿಲ್ಲದೆ ಎಲ್ಸಿಯ ಮೆಟ್ಟಿಲ ಮೇಲೆ ಕೂತ.

ಅಂಥ ಗಾಳಿ ನಮಗೆ ಇಡೀ ವಸಂತದಲ್ಲಿ ಸಿಗುವುದು ಕೆಲವೇ ದಿನ. ಬಿಸಿಲೂ ಇತ್ತು. ಬೆಡ್‌ಶೀಟುಗಳು ಹಡಗಿನ ಪಟದ ಹಾಗೆ ಉಬ್ಬಿ ಪಟಪಟ ಹೊಡೆದುಕೊಂಡು, ನಾನು ಆಲೂಗಡ್ಡೆ ಸುಲಿದು ಮುಗಿಸುವುದರೊಳಗೆ ಹಪ್ಪಳದಂತೆ ಒಣಗಿದ್ದವು. ಎಲ್ಸಿ ಹೊರಗೆ ಬಂದು ತನ್ನ ದಿಂಬಿನ ಚೀಲ ಮುಟ್ಟಿ ನೋಡಿದಳು. ಮೊರ್ವೆನಾ ಅವರ ಬಾಗಿಲ ಕಡೆ ನೋಡಿದಳು.

"ಇನ್ನೂ ಹಸಿ ಇದೆ" ಎಂದಳು.

ಎದುರು ಮನೆಯವಳು ತನ್ನ ಗಂಡನ ಅಂಗಿ ಹಿಂಡುವಂತೆ ಹಿಡಿದು, ಹೊಲಿಗೆಯ ಹತ್ತಿರ ತೇವ ಎಂದಳು. ನಾನೂ ನಮ್ಮ ಬೆಡ್‌ಶೀಟು ಮುಟ್ಟಿದೆ. ಕೈಗೆ ಬಿಸಿ ತಾಗಿತು. ತಣ್ಣಗಿದೆ ಎಂದೆ. ಉಳಿದುಕೊಳ್ಳಿ ಎಂದು ಆ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಟ್ಟೆ ಒಣಗಿಲ್ಲ ಎಂದರು, ಅಷ್ಟೆ. ಲಾರಿಯವನು ನಾಲ್ಕನೆಯ ಲೋಟ ಟೀ ಕುಡಿಯುತ್ತ, ನಮ್ಮೂರಲ್ಲಿ ಇಷ್ಟು ಗಾಳಿಗೆ ಕುದುರೆಯೂ ಒಣಗುತ್ತದೆ ಎಂದು ಗೊಣಗಿದ. ಎಲ್ಸಿ ಅವನ ಕೈಗೆ ಒಂದು ತುಂಡು ಕೇಕ್ ಇಟ್ಟು ಬಾಯಿ ಮುಚ್ಚಿಸಿದಳು.

ಮಧ್ಯಾಹ್ನ ಮಾವ ಬಂದರು. ಬೂಟಿನ ತುಂಬ ಮಣ್ಣು. ಹಗ್ಗದಿಂದ ಹಗ್ಗಕ್ಕೆ ನಡೆದು, ಒಂದೊಂದು ಬಟ್ಟೆಯನ್ನೂ ಎರಡು ಬೆರಳಿನಲ್ಲಿ ಹಿಡಿದು ನೋಡಿದರು. ಹೆಂಗಸರ ಬಟ್ಟೆ ಬಂದಾಗ ಮಾತ್ರ ಆಕಾಶ ನೋಡಿದರು.

"ಇವತ್ತಿಗೆ ಒಣಗೋ ಹಾಗೆ ಕಾಣಲ್ಲ" ಎಂದರು.

ಉಣ್ಣೆ ಗಿರಣಿಯಲ್ಲಿ ಜೀವಮಾನವೆಲ್ಲ ಬಟ್ಟೆ ಮುಟ್ಟಿದ ಕೈ ಅದು. ಓಣಿಯಲ್ಲಿ ಎಲ್ಲರೂ ತಮ್ಮತಮ್ಮ ಕಾಲ ಬೆರಳು ನೋಡಿಕೊಂಡರು. ನನ್ನ ಎದೆಯಲ್ಲಿ ಒಂದು ಆಸೆ ಮೂಡಿತು. ಇನ್ನೊಂದೇ ಮಾತು ಮಾವ, ಇಷ್ಟು ಹೇಳಿದವರು ಇನ್ನೊಂದು ಹೇಳಿಬಿಡಿ ಎಂದುಕೊಂಡೆ.

ಆದರೆ ಮೊರ್ವೆನಾ ಬಂದು ನಮ್ಮ ಬೆಡ್‌ಶೀಟಿನ ಮೇಲೆ ಅಂಗೈ ಊರಿದರು. ಅವರ ಊರಿನಲ್ಲಿ ಒಣಗಿದ್ದನ್ನು ಒಣಗಿದೆ ಎನ್ನುತ್ತಾರೆ.

"ಇದು ಒಣಗಿದೆ, ಹೆಡ್ಲಿ" ಎಂದರು ಮೆಲ್ಲಗೆ.

ಆಕೆ ಇನ್ನೂ ಸ್ವಲ್ಪ ಹೊತ್ತು ಅಂಗೈ ಅಲ್ಲೇ ಇಟ್ಟುಕೊಂಡು ನಿಂತರು. ಅದು ಕಾಯುವ ನಿಲುವು ಎಂದು ನನಗೆ ಕಾಣುತ್ತಿತ್ತು, ಎಲ್ಸಿಗೆ ಕಾಣುತ್ತಿತ್ತು, ಕೇಕ್ ತಿನ್ನುತ್ತಿದ್ದ ಲಾರಿಯವನಿಗೂ ಕಾಣುತ್ತಿತ್ತು. ಮಾವ ಪಶ್ಚಿಮದ ಕಡೆ ನೋಡಿ, ಸಂಜೆಗೆ ಲ್ಯಾಂಕಾಷೈರ್ ಮಳೆ ಬರುತ್ತೆ, ಅದಕ್ಕೆ ಮೊದಲೇ ಹೊರಟರೆ ಒಳ್ಳೆಯದು, ಗುಡ್ಡದ ದಾರಿ ಜಾರುತ್ತೆ ಎಂದರು. ಆಕೆ ತಲೆಯಾಡಿಸಿ, ಕ್ಲಿಪ್ಪು ಬಿಚ್ಚಿ, ಬೆಡ್‌ಶೀಟು ಮಡಿಸಿ ನನ್ನ ತೋಳಿನ ಮೇಲೆ ಹಾಕಿದರು. ಥ್ಯಾಂಕ್ಸ್ ಚಿನ್ನ ಎಂದರು.

ಇನ್ನು ಮಾಡುವುದೇನೂ ಇರಲಿಲ್ಲ. ಹೆಂಗಸರು ಒಂದೊಂದಾಗಿ ಹಗ್ಗ ಇಳಿಸಿದರು, ಇಷ್ಟು ನಿಧಾನವಾಗಿ ಯಾರೂ ಹಗ್ಗ ಇಳಿಸಿದ್ದನ್ನು ನಾನು ಕಾಣೆ. ಕೊನೆಗೆ ಉಳಿದದ್ದು ನಮ್ಮ ಹಗ್ಗ. ಅದರ ಮೇಲೆ ಕಂಬಳಿ ಇತ್ತು, ಅದು ಮಾತ್ರ ನಿಜವಾಗಿಯೂ ಹಸಿ. ಹಸಿ ಕಂಬಳಿಯನ್ನು ಇಳಿಸುವುದು ಬೇಡ ಎಂದು ಮಾವ ಕವೆಗೋಲನ್ನು ಎರಡೂ ಕೈಯಲ್ಲಿ ಹಿಡಿದು, ಲಾರಿ ಕೆಳಗೆ ನುಸುಳುವಷ್ಟು ಎತ್ತರಕ್ಕೆ ಹಗ್ಗವನ್ನು ತಾವೇ ಎತ್ತಿ ನಿಂತರು. ಆಕೆಯನ್ನು ಕರೆದೊಯ್ಯುವ ಗಾಡಿಗೆ ದಾರಿ ಮಾಡಿಕೊಡಲು ಇಷ್ಟು ಶ್ರಮಪಡುವ ಗಂಡಸನ್ನು ನೋಡಿ ನಗಬೇಕೋ, ಹೋಗಿ ಎರಡು ಭುಜ ಹಿಡಿದು ಅಲ್ಲಾಡಿಸಬೇಕೋ ತಿಳಿಯಲಿಲ್ಲ. ಕಂಬಳಿಯ ನೀರು ಅವರ ಟೋಪಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಲಾರಿ ಗುರುಗುಟ್ಟಿ ಒಂದು ಮಾರು ಮುಂದೆ ಬಂದು ನಿಂತಿತು. ಬೆರಿಲ್ ನನ್ನ ಪಕ್ಕದಲ್ಲಿ ಇರಲಿಲ್ಲ. ಕ್ಲಿಪ್ಪಿನ ಬುಟ್ಟಿ ಹಿಡಿದುಕೊಂಡೇ ಲಾರಿಯ ಮುಂದೆ, ತಾತನ ಎದುರಿಗೆ ಹೋಗಿ ನಿಂತಿದ್ದಳು. ನಾನು ಕರೆಯಲು ಬಾಯಿ ತೆರೆದೆ. ಎಲ್ಸಿ ನನ್ನ ಮೊಣಕೈ ಹಿಡಿದಳು.

ಮಾವನಿಗೆ ಕೋಲು ಬಿಡುವಂತಿರಲಿಲ್ಲ, ಬಿಟ್ಟರೆ ಕಂಬಳಿ ಮಣ್ಣಿಗೆ. ಆ ಕಡೆ ಈ ಕಡೆ ಹೋಗುವಂತಿರಲಿಲ್ಲ. ಲಾರಿಯವನು ಎಂಜಿನ್ ಆರಿಸಿದ. ಮೊರ್ವೆನಾ ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಬೆಳಗಿನಿಂದ ನನ್ನ ಕಿವಿಯಲ್ಲೇ ಉಳಿದಿದ್ದ ಮಾತನ್ನು ನನ್ನ ಮಗಳು ತಲೆಯೆತ್ತಿ, ಓಣಿಗೆಲ್ಲ ಕೇಳುವ ಹಾಗೆ ಕೇಳಿದಳು:

"ತಾತ, ಮೊರ್ವೆನಾ ಆಂಟಿ ನಮ್ಮ ಹತ್ರಾನೇ ಇರಲಿ ಅಂತ ನಿಂಗೆ ಆಸೆ ಇದೆಯೋ, ಇಲ್ವೋ?"