ಬೆಚ್ಚನೆಯ ಕಡಲಿಗೆ ಕಟ್ಟಿದ ಪೆಟ್ಟಿಗೆ

ಫೆಬ್ರವರಿಯಲ್ಲಿ, ಅಮೆರಿಕದ ಉತ್ತರದಂಚಿನ ನಮ್ಮ ಡುಲೂತ್‌ನಲ್ಲಿ ಹತ್ತಿ ಬಟ್ಟೆ ಹೊರಗೆ ತೆಗೆಯುವವರು ಯಾರೂ ಇಲ್ಲ. ಹಿಮ ಕಿಟಕಿಯ ಅರ್ಧದವರೆಗೆ ಬಂದಿರುತ್ತದೆ, ಕಡಲಿನಷ್ಟು ದೊಡ್ಡ ಸರೋವರ ಕಣ್ಣು ಹಾಯುವಷ್ಟು ದೂರವೂ ಕಲ್ಲಾಗಿರುತ್ತದೆ. ಅಂಥ ದಿನಗಳಲ್ಲಿ ನಮ್ಮ ಎದುರುಮನೆಯ ಮಾವಿಸ್ ಅಟ್ಟದಿಂದ ಬೇಸಿಗೆಯ ಬಟ್ಟೆಗಳನ್ನು ಇಳಿಸಿ, ನುಸಿಗುಳಿಗೆಯ ವಾಸನೆ ಹೋಗಲೆಂದು ಮನೆ ತುಂಬ ಹರಡಿಕೊಂಡು ಕೂತಿದ್ದಳು. ಅವಳೂ ಅವಳ ಗಂಡ ಆರ್ವೋನೂ ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳನ್ನು ಸುತ್ತಿ ಬರುವವರಿದ್ದರು. ಮದುವೆಯಾಗಿ ಐವತ್ತು ವರ್ಷವಾಯಿತೆಂದು ಮಗಳು ಕ್ಯಾರಿನ್ ಕೊಟ್ಟ ಉಡುಗೊರೆ ಅದು. ಮಗಳೂ ಜೊತೆಗೆ ಹೊರಟಿದ್ದಳು.

ಆರ್ವೋಗೆ ಹಡಗು ಹೊಸದಲ್ಲ. ಸರೋವರದ ಮೇಲೆ ಕಬ್ಬಿಣದ ಅದಿರು ಸಾಗಿಸುವ ಹಡಗಿನ ಎಂಜಿನ್ ಕೋಣೆಯಲ್ಲಿ ಅವನ ಆಯುಷ್ಯವೇ ಸವೆದಿತ್ತು. ಮಾರ್ಚ್‌ನಲ್ಲಿ ಮಂಜುಗಡ್ಡೆ ಒಡೆದರೆ ಹೊರಟ, ಕ್ರಿಸ್‌ಮಸ್ ಕಳೆದ ಮೇಲೆ ಬಂದ. ನಡುವಿನ ತಿಂಗಳುಗಳಲ್ಲಿ ಮಗಳ ಜ್ವರ, ಕೆಟ್ಟುಹೋದ ಮನೆಯ ಬಾಯ್ಲರ್, ಅಂಗಳಕ್ಕೆ ಬಿದ್ದ ಮರ ಎಲ್ಲವನ್ನೂ ಮಾವಿಸ್ ಒಬ್ಬಳೇ ನೋಡಿಕೊಂಡಳು. ಆ ಬಗ್ಗೆ ಅವಳು ಗೊಣಗಿದ್ದು ಕಡಿಮೆ. ಆದರೆ ಒಂದು ಮಾತ್ರ ಅವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಪ್ರತಿ ಮಾರ್ಚ್‌ನಲ್ಲೂ ಆರ್ವೋ ಚೀಲ ಹೆಗಲಿಗೇರಿಸಿ, ಸಿಳ್ಳೆ ಹಾಕುತ್ತ ಬೀದಿ ಇಳಿದು ಹೋಗುತ್ತಿದ್ದ. ಬಾಗಿಲಲ್ಲಿ ನಿಂತವಳತ್ತ ಒಂದು ಸಲವೂ ತಿರುಗಿ ನೋಡುತ್ತಿರಲಿಲ್ಲ. ಮನೆಗಿಂತ ಅವನಿಗೆ ಹಡಗೇ ಇಷ್ಟ ಎಂದು ಅವಳು ತೀರ್ಮಾನಿಸಿ ಎಷ್ಟೋ ಕಾಲವಾಗಿತ್ತು.

ಅದಕ್ಕೇ ಈ ಪ್ರವಾಸದ ಮೇಲೆ ಅವಳಿಗೆ ಅಷ್ಟು ಆಸೆ. ಈ ಸಲ ಹಡಗು ಹತ್ತುವಾಗ ಅವಳೂ ಪಕ್ಕದಲ್ಲಿರುತ್ತಾಳೆ. ನನ್ನನ್ನು ಕರೆದು ಒಂದೊಂದೇ ಉಡುಪು ಹಾಕಿ ತೋರಿಸಿದಳು. ಕ್ಯಾಪ್ಟನ್ ಜೊತೆ ಊಟವಿರುವ ಸಂಜೆಗೆ ನೀಲಿ ಗೌನು. ಹಗಲಿಗೆ ಹುಲ್ಲಿನ ಟೋಪಿ, ತೆಳು ಚಪ್ಪಲಿ. ಈಜುಡುಗೆಯನ್ನು ಮಾತ್ರ ಹಾಕಿ ತೋರಿಸಲಿಲ್ಲ, ಅದನ್ನು ಎದೆಗೆ ಹಿಡಿದು ಕನ್ನಡಿ ನೋಡಿಕೊಂಡು ನಕ್ಕಳು. ಆರ್ವೋಗೆ ದೊಡ್ಡ ದೊಡ್ಡ ಹೂವಿನ ಅಂಗಿ ಕೊಂಡಿದ್ದಳು.

"ಇದು ಹಾಕ್ಕೊಂಡ್ರೆ ನಾನು ಸೋಫಾ ಥರ ಕಾಣ್ತೀನಿ," ಎಂದ ಆರ್ವೋ. "ಯಾರಾದ್ರೂ ಬಂದು ಮೇಲೆ ಕೂತ್ಕೊಂಡ್ರೆ?"

"ಕೂತ್ಕೊಳ್ಳಲಿ ಬಿಡು. ನೀನೇನು ಅಲ್ಲಾಡ್ತೀಯಾ?"

ಹಡಗಿನಲ್ಲಿ ವಾಂತಿ ಬಾರದಿರಲೆಂದು ಅವಳು ಮಾತ್ರೆ ತಂದಿಟ್ಟಿದ್ದಕ್ಕೂ ಅವನು ಇಡೀ ದಿನ ಗೇಲಿ ಮಾಡಿದ. ಆ ಹೊತ್ತಿಗೆ ಅವನಿಗೆ ಮರೆವು ಶುರುವಾಗಿತ್ತು. ಹೆಸರುಗಳು ತಪ್ಪುತ್ತಿದ್ದವು, ಒಲೆ ಆರಿಸುವುದು ಮರೆಯುತ್ತಿತ್ತು. ಮನೆಯವರು ಜೊತೆಗಿದ್ದರೆ ಹೋಗಿ ಬರಬಹುದು, ಈಗ ಹೋಗದಿದ್ದರೆ ಮುಂದೆ ಆಗಲಿಕ್ಕಿಲ್ಲ ಎಂದು ಡಾಕ್ಟರೇ ಹೇಳಿದ್ದರು.

ಹೊರಡುವುದಕ್ಕೆ ಒಂದು ವಾರವಿದೆ ಎನ್ನುವಾಗ ಮಾವಿಸ್ ಅವನ ಪೆಟ್ಟಿಗೆ ತೆರೆದು ನೋಡಿದರೆ ಅದು ಖಾಲಿ. ಅವಳು ಮಡಚಿಟ್ಟ ಅಂಗಿ, ಚಡ್ಡಿಗಳೆಲ್ಲ ಮಂಚದ ಕೆಳಗಿದ್ದವು. ಬಾಗಿಲ ಬಳಿ ಅವನ ಹಳೆಯ ಕ್ಯಾನ್‌ವಾಸ್ ಚೀಲ ನಿಂತಿತ್ತು. ಒಳಗೆ ಉಣ್ಣೆಯ ಒಳಉಡುಪು, ಚರ್ಮದ ಕೈಗವಸು, ದಪ್ಪ ಸಾಕ್ಸು, ಕ್ಷೌರದ ಸಾಮಾನು, ಒಂದು ಕಟ್ಟು ಇಸ್ಪೀಟೆಲೆ. ಅವಳು ನಗುತ್ತಲೇ ಎಲ್ಲವನ್ನೂ ತೆಗೆದು, ನಾವು ಹೋಗುವುದು ಬಿಸಿಲಿರುವ ಕಡೆಗೆ ಎಂದು ತಿಳಿಸಿ ಹೇಳಿದಳು. ಅವನು ನಾಚಿಕೊಂಡು ಹೌದಲ್ಲವಾ ಎಂದ. ಮಾರನೆಯ ದಿನ ಚೀಲ ಮತ್ತೆ ತುಂಬಿ ಬಾಗಿಲ ಬಳಿ ನಿಂತಿತ್ತು. ಅದರ ಮಾರನೆಯ ದಿನವೂ. ಅವಳು ಚೀಲವನ್ನೇ ನೆಲಮಾಳಿಗೆಯಲ್ಲಿ ಬಚ್ಚಿಟ್ಟಾಗ ಆರ್ವೋ ಮನೆಯೆಲ್ಲ ಜಾಲಾಡಿ, ಕಳ್ಳತನವಾಗಿದೆ ಎಂದು ಚಳಿಯಲ್ಲಿ ಬರಿಗಾಲಲ್ಲೇ ನಮ್ಮ ಮನೆಗೆ ಬಂದ. ನಾನು ಅವನ ಕಾಲಿಗೆ ಕಂಬಳಿ ಸುತ್ತಿ ಕೂರಿಸಿ, ಮಾವಿಸ್‌ಳನ್ನು ಕರೆದೆ. ಅವಳು ಚೀಲ ತಂದು ಅವನ ಕೈಗೆ ಕೊಟ್ಟಳು.

ಮುಂದಿನದನ್ನು ಅವಳೇ ನನಗೆ ಹೇಳಿದ್ದು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ಕೆಳಗೆ ಇಸ್ತ್ರಿ ಮುಗಿಸಿ ಮೇಲೆ ಹೋದಳು. ಆರ್ವೋ ಮಂಚದ ಮೇಲೆ ಬಟ್ಟೆಗಳ ನಡುವೆ ಕೂತಿದ್ದ. ಚೀಲ ತೊಡೆಯ ಮೇಲಿತ್ತು. ಅವಳನ್ನು ನೋಡಿ, "ಹೆಲ್ಮಿ, ಬಾಗಿಲು ಹಾಕು," ಎಂದ.

ಹೆಲ್ಮಿ ಅವನ ಅಕ್ಕ. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವಳು. ಅವಳು ಸತ್ತು ಎಷ್ಟೋ ವರ್ಷಗಳಾಗಿದ್ದವು. ನಾನು ಹೆಲ್ಮಿಯಲ್ಲ ಎನ್ನಲು ಮಾವಿಸ್ ಬಾಯಿ ತೆರೆದಳು. ಆದರೆ ಅವನ ಮುಖ ನೋಡಿ ಬಾಗಿಲು ಹಾಕಿದಳು.

"ಮಾವಿಸ್ ಕೆಳಗಿದಾಳಾ?" ಎಂದು ಅವನು ಪಿಸುಗುಟ್ಟಿದ.

"ಹ್ಞೂಂ, ಕೆಳಗಿದಾಳೆ."

"ಅವಳಿಗೆ ಹೇಳ್ಬೇಡ. ಈ ಸಲ ನನ್ನ ಕೈಲಿ ಹೋಗೋಕಾಗಲ್ಲ."

"ಯಾಕೋ? ಏನಾಯ್ತು?"

"ಹೆದರಿಕೆ ಆಗುತ್ತೆ ಹೆಲ್ಮಿ. ಪ್ರತಿ ಸಲವೂ ಆಗುತ್ತೆ. ನಾವಿರೋದು ತಳದಲ್ಲಿ ಅಲ್ವಾ. ಗಾಳಿ ಎದ್ದಾಗ ಹಡಗಿನ ಕಬ್ಬಿಣ ನರಳುತ್ತೆ, ದನ ನರಳಿದ ಹಾಗೆ. ಈಗ ಮುರಿಯುತ್ತೆ, ಈಗ ಮುರಿಯುತ್ತೆ ಅನ್ಸುತ್ತೆ. ಮುರಿದ್ರೆ ಏಣಿ ಹತ್ತೋಕೂ ಟೈಮ್ ಇರಲ್ಲ."

ಮಾವಿಸ್ ಅವನ ಪಕ್ಕದಲ್ಲಿ ಕೂತಳು. ಹೂವಿನ ಅಂಗಿಯ ಮೇಲೇ ಕೂತಿದ್ದು ಅವಳಿಗೆ ತಿಳಿಯಲಿಲ್ಲ. ಹೆಂಡತಿಗೆ ಯಾಕೆ ಇದನ್ನು ಹೇಳಿಲ್ಲ ಎಂದು ಕೇಳಿದಳು.

"ಹೇಳಿದ್ರೆ ಹೋಗ್ಬೇಡ ಅಂತಾಳೆ. ಅವಳು ಅಂದ್ಮೇಲೆ ನಾನು ಹೋಗಲ್ಲ. ಆಮೇಲೆ ಹೊಟ್ಟೆಗೇನು? ಮಗು ಬೇರೆ ಇದೆ." ಅವನು ಚೀಲದ ಹಗ್ಗವನ್ನು ಬೆರಳಿಗೆ ಸುತ್ತುತ್ತಿದ್ದ. "ಅವಳು ಬಾಗಿಲಲ್ಲಿ ನಿಂತಿರ್ತಾಳಲ್ಲ, ಆಗ ತಿರುಗಿ ನೋಡಿದ್ರೆ ಮುಗೀತು, ಕಾಲು ಮುಂದೆ ಹೋಗಲ್ಲ. ಅದಕ್ಕೇ ಸಿಳ್ಳೆ ಹಾಕ್ಕೊಂಡು ಹೊರಟುಬಿಡ್ತೀನಿ."

ನಾನೇ ಮಾವಿಸ್, ಇಲ್ಲೇ ಇದ್ದೇನೆ, ಈಗ ನನಗೇ ಹೇಳು ಎಂದು ಅವಳಿಗೆ ಅವನ ಭುಜ ಹಿಡಿದು ಅಲ್ಲಾಡಿಸಬೇಕೆನಿಸಿತಂತೆ. ಆದರೆ ಅವನು ಹೇಳಿದ್ದು ಅಕ್ಕನಿಗೆ, ಕಾಯುತ್ತಿದ್ದದ್ದೂ ಅಕ್ಕನ ಉತ್ತರಕ್ಕೇ.

"ಹಾಗಾದ್ರೆ ಈ ಸಲ ಬೇಡ ಬಿಡು," ಎಂದಳು. "ಕ್ಯಾಪ್ಟನ್‌ಗೆ ನಾನು ಹೇಳ್ತೀನಿ."

"ಬಯ್ಯಲ್ವಾ?"

"ಬಯ್ದ್ರೆ ನನ್ನನ್ನ ಬಯ್ಲಿ."

ಆರ್ವೋ ಅವಳ ಹೆಗಲಿಗೆ ಹಣೆ ಒತ್ತಿ ಅತ್ತ. ಮಾವಿಸ್ ಅವನ ಅಳು ಕಂಡದ್ದು ಅದೇ ಮೊದಲು. ಅಲ್ಲೇ, ಬೇಸಿಗೆಯ ಬಟ್ಟೆಗಳ ರಾಶಿಯಲ್ಲಿ, ಅವನು ಮಕ್ಕಳಂತೆ ನಿದ್ದೆಹೋದ.

ಅವಳು ಕೆಳಗಿಳಿದು ಮಗಳಿಗೆ ಫೋನ್ ಮಾಡಿ, ನಾವು ಬರುತ್ತಿಲ್ಲ ಎಂದಳು. ಕ್ಯಾರಿನ್ ಮೊದಲು ನಂಬಲಿಲ್ಲ, ಆಮೇಲೆ ವಾದಿಸಿದಳು. ಅಪ್ಪನಿಗೆ ನಾಳೆ ಬೆಳಿಗ್ಗೆ ಇದೊಂದೂ ನೆನಪಿರುವುದಿಲ್ಲ, ಅಲ್ಲಿಯ ಬಿಸಿಲು ಬಿದ್ದರೆ ಸರಿಯಾಗುತ್ತಾನೆ, ನಾನೂ ಇರುತ್ತೇನಲ್ಲ ಎಂದಳು. ಅವನಿಗೆ ನೆನಪಿಲ್ಲದಿದ್ದರೂ ಹೆದರಿಕೆ ಇರುತ್ತದೆ, ಸುತ್ತ ಬರೀ ನೀರಿರುವ ಕಡೆ ಅದು ಎದ್ದರೆ ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಮಾವಿಸ್ ಕೇಳಿದಳು. ಕೊನೆಗೆ ಕ್ಯಾರಿನ್ ಅಳುತ್ತ, "ಅಮ್ಮಾ, ನಿನಗೆ ಆಸೆ ಇತ್ತಲ್ಲ," ಎಂದಳು.

"ಈಗಲೂ ಇದೆ," ಎಂದಳು ಮಾವಿಸ್. "ನೀನು ಯಾರಾದ್ರೂ ಗೆಳತೀನ ಕರ್ಕೊಂಡು ಹೋಗು."

ಅಂದು ಸಂಜೆ ನಾನು ಬೀಗದ ಕೈ ಇಸಿದುಕೊಳ್ಳಲು ಹೋದೆ. ಅವರು ಊರಲ್ಲಿಲ್ಲದಾಗ ಗಿಡಗಳಿಗೆ ನೀರು ಹಾಕುವುದೆಂದು ಮಾತಾಗಿತ್ತು. ಮಾವಿಸ್ ನೀಲಿ ಗೌನನ್ನು ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಇಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದ್ದು ಆಗಲೇ.

"ಒಂದ್ಸಲ ಜಗಳದಲ್ಲಿ ಅಂದುಬಿಟ್ಟಿದ್ದೆ, ನೀನು ಹಡಗನ್ನೇ ಮದುವೆ ಆಗ್ಬೇಕಿತ್ತು ಅಂತ," ಎಂದಳು. "ಅದಕ್ಕವನು ನಕ್ಕ. ನಗು ನೋಡಿ ನಂಗೆ ಇನ್ನೂ ಸಿಟ್ಟು ಬಂತು. ಅವತ್ತಾದ್ರೂ ಬಾಯಿ ಬಿಡಬಹುದಿತ್ತು ಕಣೇ. ಹೋಗ್ಬೇಡ ಅಂತ ನಾನು ಹೇಳ್ತಿರ್ಲಿಲ್ಲ ಅನ್ಸುತ್ತೆ. ಕಳಿಸ್ತಿದ್ದೆ. ಆದ್ರೆ ಬೇರೆ ಥರ ಕಳಿಸ್ತಿದ್ದೆ."

ಕ್ಯಾರಿನ್ ಗೆಳತಿಯ ಜೊತೆ ಹೋಗಿ, ಮೂಗಿನ ಚರ್ಮ ಸುಲಿಸಿಕೊಂಡು ಬಂದಳು. ಫೋಟೋಗಳನ್ನು ತೋರಿಸಿದಳು. ನೀರು ನಿಜವಾಗಿಯೂ ಇದೇ ಬಣ್ಣವಾ, ಮುಟ್ಟಿದರೆ ಬೆಚ್ಚಗಿರುತ್ತದಾ ಎಂದು ಮಾವಿಸ್ ಮತ್ತೆ ಮತ್ತೆ ಕೇಳಿದಳು.

ಆರ್ವೋಗೆ ಆಮೇಲೆ ಅವಳು ಮಾವಿಸ್ ಆಗಿದ್ದ ದಿನಗಳು ಕಡಿಮೆಯಾಗುತ್ತ ಬಂದವು. ಹೆಚ್ಚಿನ ದಿನ ಅವಳು ಹೆಲ್ಮಿಯೇ. ಅವಳು ಉಣಿಸಿದರೆ ಉಣ್ಣುತ್ತಿದ್ದ, ಮಾವಿಸ್ ಇನ್ನೂ ಯಾಕೆ ಬಂದಿಲ್ಲ ಎಂದು ಅವಳನ್ನೇ ಕೇಳುತ್ತಿದ್ದ. ಅಂಗಡಿಗೆ ಹೋಗಿದ್ದಾಳೆ, ಬರುತ್ತಾಳೆ ಎನ್ನುತ್ತಿದ್ದಳು. ಮಾವಿಸ್ ಬಗ್ಗೆ ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳ ಕೂದಲು, ಅವಳ ಕೋಪ, ಮೊದಲ ಸಲ ನೃತ್ಯಕ್ಕೆ ಕರೆದಾಗ ಅವಳು ಬರಲ್ಲ ಎಂದದ್ದು. ಅವನು ಇಷ್ಟು ಮಾತಾಡುತ್ತಾನೆಂದು ಯಾರಿಗೆ ಗೊತ್ತಿತ್ತು ಎಂದು ನನ್ನ ಬಳಿ ಬಂದು ಹೇಳಿ, ನಮ್ಮ ಅಡಿಗೆಮನೆಯಲ್ಲಿ ಕೂತು ಅಳುತ್ತಿದ್ದಳು.

ಮರುವರ್ಷ ಮಾರ್ಚ್‌ನಲ್ಲಿ ಮಂಜುಗಡ್ಡೆ ಒಡೆದು, ಬಂದರಿನಿಂದ ಮೊದಲ ಹಡಗು ಕೂಗು ಹಾಕಿದಾಗ ನಾನು ಅವರ ಮನೆಯಲ್ಲೇ ಇದ್ದೆ. ಆರ್ವೋ ಕಾಫಿ ಕಪ್ಪು ಕೆಳಗಿಟ್ಟು, ಎದ್ದು, ಅಡಿಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತ. ಮಾವಿಸ್ ಅವನ ಕೈ ಹಿಡಿದು ವಾಪಸು ತಂದು ಕೂರಿಸಿದಳು. ಈ ವರ್ಷ ನಿನಗೆ ರಜೆ, ಕ್ಯಾಪ್ಟನ್ ಒಪ್ಪಿದ್ದಾರೆ ಎಂದಳು.

"ಮಾವಿಸ್‌ಗೆ ಖುಷಿಯಾಗುತ್ತೆ," ಎಂದ ಅವನು.

"ಆಗುತ್ತೆ," ಎಂದಳು.

ಅದೇ ವರ್ಷ ಎಲೆ ಉದುರುವ ಹೊತ್ತಿಗೆ ಅವನು ತೀರಿಕೊಂಡ. ಹಡಗಿನಲ್ಲಿ ಜೊತೆಗೆ ದುಡಿದಿದ್ದ ಮುದುಕರು ಕೋಟು ಹಾಕಿಕೊಂಡು ಚರ್ಚಿಗೆ ಬಂದಿದ್ದರು. ಎಂಥ ಬಿರುಗಾಳಿಯಲ್ಲೂ ಆರ್ವೋನ ಮುಖದಲ್ಲಿ ಒಂದು ಗೆರೆ ಬದಲಾಗುತ್ತಿರಲಿಲ್ಲ, ಭಯ ಎಂದರೇನೆಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ ಎಂದು ಒಬ್ಬೊಬ್ಬರಾಗಿ ಬಂದು ಮಾವಿಸ್‌ಗೆ ಹೇಳಿದರು. ಅವಳು ಹೌದೆಂದು ತಲೆಯಾಡಿಸುತ್ತ, ಎಲ್ಲರಿಗೂ ಕಾಫಿ ಬಗ್ಗಿಸಿ, ತಾನೇ ಬೇಯಿಸಿ ತಂದಿದ್ದ ಏಲಕ್ಕಿ ಬ್ರೆಡ್ಡನ್ನು ಕೊಯ್ದು ಕೊಟ್ಟಳು.